312 ಪುಟಗಳ ಬಡ್ತಿ ಮತ್ತು ಸಪ್ತಾಪುರದ ಬೈಂಡಿಂಗ್ ಅಂಗಡಿ

ಈ ಅಂಗಡಿಗೆ ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತಿದ್ದೇನೆ. ಒಂದನ್ನು ಯಾಕೆ ಕಡಿದೆ ಎನ್ನುವುದು 148ನೆಯ ಪುಟದ ಕಥೆ. ಅದು ಆಮೇಲೆ.

ಅಂಗಡಿ ಇರುವುದು ಧಾರವಾಡದ ಸಪ್ತಾಪುರದಲ್ಲಿ. ಕೋಚಿಂಗ್ ಕೇಂದ್ರ, ಪಿಜಿ, ಖಾನಾವಳಿ, ಮತ್ತೆ ಕೋಚಿಂಗ್ ಕೇಂದ್ರ, ಹೀಗೆ ಸಾಗುವ ಒಂದು ಓಣಿಯ ಕೊನೆಯಲ್ಲಿ ಎರಡು ಶಟರ್‌ಗಳ ಪೈಕಿ ಒಂದನ್ನು ಮಾತ್ರ ತೆರೆಯುವ ಅಂಗಡಿ ಅದು. ಫಲಕ ಬಿಸಿಲಿಗೂ ಮಳೆಗೂ ಮಾಸಿ 'ಝೆರಾಕ್ಸ್' ಎಂಬ ಪದವೊಂದೇ ಉಳಿದಿದೆ. ಆದ್ದರಿಂದ ಹೆಸರು ಕೇಳಬೇಡಿ, ನನಗೂ ಗೊತ್ತಿಲ್ಲ. ಮಾಲೀಕರನ್ನು ಎಲ್ಲರೂ ಕಾಕಾ ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ಹುಡುಗರು ಅಲ್ಲಿಗೆ ಹೋಗುವುದು ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಕೊಳ್ಳಲು. ನಮ್ಮಂಥ ಕಾಲೇಜು ಮಾಸ್ತರರು ಹೋಗುವುದು ಪ್ಲೇಸ್‌ಮೆಂಟ್ ಫೈಲ್ ಮಾಡಿಸಲು.

ಪ್ಲೇಸ್‌ಮೆಂಟ್ ಎಂದರೆ ವಿದ್ಯಾರ್ಥಿಗಳಿಗೆ ಕಂಪನಿಯಲ್ಲಿ ಕೆಲಸ ಕೊಡಿಸುವುದಲ್ಲ. ನಾವೇ ಒಂದು ವೇತನ ಶ್ರೇಣಿಯಿಂದ ಮುಂದಿನದಕ್ಕೆ ಏರುವುದು. ಕಾಗದದಲ್ಲಿ ಅದಕ್ಕೆ ವೃತ್ತಿ ಪದೋನ್ನತಿ ಯೋಜನೆ ಎಂಬ ಉದ್ದನೆಯ ಹೆಸರಿದೆ, ಬಾಯಲ್ಲಿ ಸಿಎಎಸ್. ನಾನು 2015ರ ಜೂನ್‌ನಲ್ಲಿ ಅನುದಾನಿತ ಕಾಲೇಜೊಂದರಲ್ಲಿ ಇತಿಹಾಸದ ಸಹಾಯಕ ಪ್ರಾಧ್ಯಾಪಕಿಯಾಗಿ ಸೇರಿದೆ. ಆಗ ನನ್ನಲ್ಲಿ ಇದ್ದದ್ದು ಎನ್‌ಇಟಿ, ಅಂದರೆ ಅಧ್ಯಾಪಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಮಾತ್ರ. ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, 2018ರ ನಿಯಮದ ಪ್ರಕಾರ ಮೊದಲ ಮೆಟ್ಟಿಲು ಹತ್ತಲು ಪಿಎಚ್‌.ಡಿ. ಇದ್ದವರಿಗೆ ನಾಲ್ಕು ವರ್ಷದ ಸೇವೆ ಸಾಕು, ಎಂ.ಫಿಲ್. ಇದ್ದವರಿಗೆ ಐದು, ಎರಡೂ ಇಲ್ಲದ ನನ್ನಂಥವರಿಗೆ ಆರು. ಅಂದರೆ 2021. ನಾನು ಫೈಲ್ ಹಿಡಿದು ಅಂಗಡಿಯ ಮೆಟ್ಟಿಲು ಹತ್ತಿದ್ದು 2022ರ ಜುಲೈನಲ್ಲಿ. ನಡುವಿನ ಒಂದು ವರ್ಷ ಎಲ್ಲಿ ಹೋಯಿತು ಎಂದರೆ, ಕಾಲೇಜಿನಲ್ಲಿ ಯಾರನ್ನು ಕೇಳಿದರೂ 'ಇನ್ನೂ ಸಮಯವಿದೆ ಬಿಡಿ' ಎಂದರು. ನಾನು ಬಿಟ್ಟೆ.

ಆ ದಿನ ಧಾರವಾಡದ ಜಿಟಿಜಿಟಿ ಮಳೆ. ಹುಬ್ಬಳ್ಳಿಯ ವಿದ್ಯಾನಗರದಿಂದ ಚಿಗರಿ ಬಸ್ಸಿನಲ್ಲಿ ತೊಡೆಯ ಮೇಲೆ ಎರಡು ಪ್ಲಾಸ್ಟಿಕ್ ಚೀಲ ಇಟ್ಟುಕೊಂಡು ಬಂದಿದ್ದೆ. ಆರು ವರ್ಷದ ನೌಕರಿ ಎರಡು ಚೀಲದಲ್ಲಿ. ಕಾಕಾ ಚೀಲ ಬಿಚ್ಚಲೇ ಇಲ್ಲ. ಮೊದಲು ಒಣ ಬಟ್ಟೆ ಕೊಟ್ಟು ಕೈ ಒರೆಸಿಕೊಳ್ಳಲು ಹೇಳಿದರು, ಆಮೇಲೆ ನಾಲ್ಕು ಪ್ರಶ್ನೆ ಕೇಳಿದರು. ಸೇರಿದ ತಾರೀಖು ಯಾವುದು? ಪಿಎಚ್‌.ಡಿ. ಆಗಿದೆಯೇ? ಹೊಸ ಅಧ್ಯಾಪಕರ ಇಪ್ಪತ್ತೊಂದು ದಿನದ ತರಬೇತಿ, ಓರಿಯಂಟೇಷನ್, ಮುಗಿಸಿದ್ದೀರಾ? ಯಾವುದಾದರೂ ವರ್ಷ 'ತೃಪ್ತಿಕರವಲ್ಲ' ಎಂದು ಬಿದ್ದಿದೆಯೇ?

ನಮ್ಮ ಸಿಬ್ಬಂದಿ ಕೋಣೆಯಲ್ಲಿ ಮೂರು ತಿಂಗಳು ಚರ್ಚಿಸಿದ ವಿಷಯ ನಾಲ್ಕು ಪ್ರಶ್ನೆಯಲ್ಲಿ ಮುಗಿಯಿತು. ಪಿಯುಸಿ ಮುಗಿಸದ ಮನುಷ್ಯ ಇವರು. ಇಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು ಎಂದು ಕೇಳಿದೆ. "ಮೇಡಂ, ತಿರಸ್ಕೃತವಾದ ಫೈಲುಗಳೂ ಇಲ್ಲಿಗೇ ಮರಳಿ ಬರುತ್ತವೆ" ಎಂದರು.

ಅವರ ಬಳಿ ಒಂದು ಮಾದರಿ ಪ್ರತಿ ಇದೆ. ಯಾರದೋ ಮಂಜೂರಾದ ಫೈಲಿನ ನಕಲು, ಹೆಸರು, ಕಾಲೇಜು, ಸಹಿ ಎಲ್ಲದರ ಮೇಲೆ ಕಪ್ಪು ಮಾರ್ಕರ್ ಎಳೆದದ್ದು. ಅದನ್ನು ಅಂಗಡಿಯಲ್ಲೇ ಕುಳಿತು ನೋಡಬೇಕು, ಮೊಬೈಲಿನಲ್ಲಿ ಫೋಟೋ ತೆಗೆಯುವಂತಿಲ್ಲ. ಮೊದಲಿಗೆ ಅರ್ಜಿ, ಆಮೇಲೆ ನೇಮಕಾತಿ ಆದೇಶ, ಅನುಮೋದನೆ, ಸೇವಾ ದೃಢೀಕರಣ, ವರ್ಷವಾರು ಕಾರ್ಯಮೌಲ್ಯಮಾಪನ ವರದಿ, ಕೋರ್ಸುಗಳ ಪ್ರಮಾಣಪತ್ರ, ಚಟುವಟಿಕೆಗಳ ದಾಖಲೆ. ಪ್ರತಿ ಭಾಗಕ್ಕೂ ಒಂದೊಂದು ಬಣ್ಣದ ಟ್ಯಾಗ್. ಹಸಿರು ಟ್ಯಾಗ್ ಎಳೆದರೆ ಓರಿಯಂಟೇಷನ್ ಸಿಗಬೇಕು, ಹಳದಿ ಎಳೆದರೆ ವಿಷಯದ ಓದನ್ನು ಹೊಸದಾಗಿಸುವ ರಿಫ್ರೆಷರ್ ಕೋರ್ಸು. ಪರಿಶೀಲನಾ ಸಮಿತಿಯಲ್ಲಿ ಪ್ರಾಂಶುಪಾಲರು, ವಿಭಾಗದ ಮುಖ್ಯಸ್ಥರು, ಕುಲಪತಿ ನೇಮಿಸಿದ ಇಬ್ಬರು ವಿಷಯತಜ್ಞರು ಇರುತ್ತಾರೆ. ಆ ಇಬ್ಬರು ಊಟದ ಹೊತ್ತಿನೊಳಗೆ ಹಲವು ಫೈಲು ನೋಡಬೇಕು. ಯಾರಿಗೂ ಪುಟ ತಿರುವಿ ಹುಡುಕುವ ಕೆಲಸ ಇಡಬಾರದು ಎನ್ನುವುದು ಕಾಕಾ ಅವರ ಸಿದ್ಧಾಂತ. ಒಪ್ಪಿದೆ.

ಈಗ ಚಟುವಟಿಕೆಗಳ ಭಾಗ. ನಿಯಮದಲ್ಲಿ ಬೋಧನೆಯನ್ನು ಅಳೆಯುವ ಬಗೆ ಬಹಳ ಸರಳ: ಹಂಚಿಕೊಟ್ಟ ತರಗತಿಗಳಲ್ಲಿ ಶೇ. 80 ಮತ್ತು ಅದಕ್ಕಿಂತ ಹೆಚ್ಚು ತೆಗೆದುಕೊಂಡಿದ್ದರೆ 'ಉತ್ತಮ', 70ರಿಂದ 80ರೊಳಗೆ ಇದ್ದರೆ 'ತೃಪ್ತಿಕರ', ಅದಕ್ಕೂ ಕಡಿಮೆಯಾದರೆ ಮೂರನೆಯದು. ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ ಹದಿನಾರು ಗಂಟೆ ನೇರ ಬೋಧನೆ. ಅಷ್ಟು ಗಂಟೆ ತರಗತಿಯಲ್ಲಿ ಇದ್ದಿರಾ ಎಂಬುದೇ ಪ್ರಶ್ನೆ. ಇದ್ದು ಏನು ಮಾಡಿದಿರಿ ಎಂದು ಕೇಳುವ ಕಾಲಂ ಇಲ್ಲ. ಇನ್ನು ಪರೀಕ್ಷಾ ಕೆಲಸ, ಆಡಳಿತದ ಹೊಣೆ, ವಿಚಾರ ಸಂಕಿರಣ, ಅಧ್ಯಯನ ಪ್ರವಾಸ ಇತ್ಯಾದಿಗಳಲ್ಲಿ ಮೂರು ಇದ್ದರೆ ಅಲ್ಲಿಯೂ 'ಉತ್ತಮ'.

ನಾನು ಲಕ್ಕುಂಡಿಗೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದೆ. ಬ್ರಹ್ಮ ಜಿನಾಲಯದ ಮುಂದೆ, ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದ ಕೆತ್ತನೆಯ ಕೆಳಗೆ, ಮುಸುಕಿನ ಬಾವಿಯ ಮೆಟ್ಟಿಲ ಮೇಲೆ, ಫೋಟೋಗಳೇನೋ ರಾಶಿ ಇದ್ದವು. ಕಾಕಾ ಅವನ್ನು ಇಸ್ಪೀಟ್ ಎಲೆಗಳಂತೆ ಕೌಂಟರ್ ಮೇಲೆ ಹರಡಿ ಎರಡನ್ನು ಮಾತ್ರ ಆರಿಸಿದರು. ಒಂದರಲ್ಲಿ ಬ್ಯಾನರ್ ಮತ್ತು ತಾರೀಖು ಕಾಣುತ್ತಿತ್ತು, ಇನ್ನೊಂದರಲ್ಲಿ ಎಲ್ಲರ ತಲೆ ಎಣಿಸಬಹುದಿತ್ತು. "ಪ್ರಾಂಶುಪಾಲರ ಅನುಮತಿ ಪತ್ರ, ಹಾಜರಾತಿ, ವರದಿ. ಗುಡಿ ಕಾಣದಿದ್ದರೂ ನಡೆಯುತ್ತದೆ."

ಉಳಿದ ಫೋಟೋಗಳ ನಡುವೆ ಬೇರೆ ಒಂದಿತ್ತು. ಆ ಪ್ರವಾಸದಿಂದ ಬಂದ ಮರುವಾರ ಬಿ.ಎ. ಎರಡನೆಯ ವರ್ಷದ ಹುಡುಗಿಯೊಬ್ಬಳು ತನ್ನ ಊರಿನ ಕೆರೆಯ ದಂಡೆಯ ಮೇಲೆ ಬಟ್ಟೆ ಒಗೆಯುವ ಕಲ್ಲನ್ನು ಮೊಬೈಲಿನಲ್ಲಿ ತೆಗೆದುಕೊಂಡು ಬಂದಿದ್ದಳು. ಸಾಬೂನಿನ ಬಿಳಿ ಪೊರೆಯ ಅಡಿಯಲ್ಲಿ ಕತ್ತಿ ಎತ್ತಿದ ಒಂದು ಕೈ, ಕುದುರೆಯ ಕಾಲು, ಮೇಲೆ ಸೂರ್ಯ ಮತ್ತು ಚಂದ್ರ. ವೀರಗಲ್ಲು. ಅವಳ ಅಜ್ಜಿ ಮದುವೆಯಾಗಿ ಬಂದಾಗಿನಿಂದ ಅದರ ಮೇಲೆಯೇ ಬಟ್ಟೆ ಒಗೆದಿದ್ದಾರಂತೆ. ನನ್ನ ಆರು ವರ್ಷದ ಬೋಧನೆಯಲ್ಲಿ ಅದಕ್ಕಿಂತ ದೊಡ್ಡದು ನಡೆದಿಲ್ಲ ಎಂದು ನಾನು ನಂಬಿದ್ದೇನೆ.

ಕಾಕಾ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಇದಕ್ಕೆ ಯಾವ ಟ್ಯಾಗ್?" ಎಂದು ಕೇಳಿದರು. ನಾನು ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದೆ, ಅವರೂ ಓದಿದರು. ಇಲ್ಲ. ಫೈಲಿನಲ್ಲಿ ಸೇರಲಿಲ್ಲ. ಆ ಫೋಟೋ ಈಗ ಅವರ ಕೌಂಟರಿನ ಬಿರುಕು ಬಿಟ್ಟ ಗಾಜಿನ ಕೆಳಗೆ, ಲ್ಯಾಮಿನೇಷನ್ ದರಪಟ್ಟಿಯ ಪಕ್ಕದಲ್ಲಿದೆ. ಅದನ್ನು ದೊಡ್ಡದಾಗಿ ಬಣ್ಣದಲ್ಲಿ ಮುದ್ರಿಸಿದ್ದಕ್ಕೆ ಬಿಲ್ಲಿನಲ್ಲಿ ಹಣ ಹಿಡಿದಿರಲಿಲ್ಲ.

ಬೈಂಡಿಂಗ್ ಬಗ್ಗೆ ಹೇಳಬೇಕು, ಯಾಕೆಂದರೆ ಅಂಗಡಿ ಮೆಚ್ಚಿಕೊಳ್ಳಲು ನಿಜವಾದ ಕಾರಣ ಅದು. ಮೇಲಿನ ಕಚೇರಿಗೆ ಹೋಗುವ ಎರಡು ಪ್ರತಿಗೆ ರಟ್ಟಿನ ಬೈಂಡಿಂಗ್, ಕಾಲೇಜಿಗೆ ಮತ್ತು ನನಗೆ ಸ್ಪೈರಲ್. ಈಗ ಎಲ್ಲ ಕಡೆ ಹಾಳೆಗಳ ಬೆನ್ನಿಗೆ ಬಿಸಿ ಅಂಟು ಬಳಿದು ಐದು ನಿಮಿಷದಲ್ಲಿ ಕೊಟ್ಟುಬಿಡುತ್ತಾರೆ. ಬೇಸಿಗೆಯಲ್ಲಿ ಅದು ಬಿಡುತ್ತದೆ, ಪುಟಗಳು ಹಲ್ಲಿನಂತೆ ಒಂದೊಂದೇ ಉದುರುತ್ತವೆ. ಕಾಕಾ ಇನ್ನೂ ಸೂಜಿ ದಾರದವರು. ಹಾಳೆಗಳನ್ನು ಕುಟ್ಟಿ ಸಮ ಮಾಡಿ, ಹಲಗೆಗಳ ನಡುವೆ ಬಿಗಿದು, ದಬ್ಬಳದಿಂದ ಐದು ತೂತು ಹಾಕಿ, ಮೇಣ ಸವರಿದ ದಾರವನ್ನು ಹೋಗಿ ಬಂದು ಎರಡು ಸಲ ಎಳೆಯುತ್ತಾರೆ. ಬೆನ್ನಿಗೆ ಮೈದಾ ಹಿಟ್ಟಿನ ಅಂಟು, ಅದರಲ್ಲಿ ಹುಳು ಬೀಳದಿರಲೆಂದು ಚಿಟಿಕೆ ಮೈಲುತುತ್ತ. ಅಂಟು ಹಚ್ಚುವಾಗ ತೋರುಬೆರಳು ನೀಲಿಯಾಗಿರುತ್ತದೆ. ನನ್ನ ಫೈಲಿನ ಹೊಲಿದ ಪ್ರತಿ ಎಷ್ಟೋ ಮೇಜು ದಾಟಿ ಬಂದಿದೆ, ಒಂದು ಪುಟವೂ ಅಲುಗಾಡಿಲ್ಲ. ಎಡಬದಿಗೆ ಒಂದೂವರೆ ಇಂಚು ಬಿಟ್ಟೇ ನಕಲು ತೆಗೆಯುತ್ತಾರೆ, ಹಾಗಾಗಿ ಹೊಲಿಗೆಯೊಳಗೆ ಯಾರ ಸಹಿಯೂ ಸಿಕ್ಕಿಹಾಕಿಕೊಳ್ಳುವುದಿಲ್ಲ.

ಅಂಗಡಿಗೆ ಬರುವವರೆಲ್ಲ ನನ್ನಂಥ ಮೊದಲ ಮೆಟ್ಟಿಲಿನವರಲ್ಲ. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಪ್ರಾಧ್ಯಾಪಕ ಹುದ್ದೆಯ ಫೈಲ್ ಮಾಡಿಸುವಾಗ ನಾನೂ ಜೊತೆಗೆ ಹೋಗಿದ್ದೆ. ಅದು ಬೇರೆಯೇ ಆಟ. ಪಿಎಚ್‌.ಡಿ. ಬೇಕು, ಸಹ ಪ್ರಾಧ್ಯಾಪಕರಾಗಿ ಮೂರು ವರ್ಷ, ಹತ್ತು ಪ್ರಕಟಣೆ, ಅವುಗಳಲ್ಲಿ ಮೂರು ಈ ಅವಧಿಯವೇ ಆಗಿರಬೇಕು, ಜೊತೆಗೆ 110 ಸಂಶೋಧನಾ ಅಂಕ. ಮಾನವಿಕ ವಿಷಯಗಳಲ್ಲಿ ಒಂದು ಲೇಖನಕ್ಕೆ 10, ವಿಜ್ಞಾನದಲ್ಲಿ 8. ಇಬ್ಬರು ಸೇರಿ ಬರೆದರೆ ಒಬ್ಬೊಬ್ಬರಿಗೂ ಶೇ. 70. ಇಬ್ಬರಿಗಿಂತ ಹೆಚ್ಚಾದರೆ ಮೊದಲ ಲೇಖಕರಿಗೆ 70, ಉಳಿದ ಪ್ರತಿಯೊಬ್ಬರಿಗೂ 30.

ಕಾಕಾ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಪೆನ್ಸಿಲ್ ನಿಂತಿತು. "ಸರ್, ಒಬ್ಬರೇ ಬರೆದರೆ ಹತ್ತು. ಇಬ್ಬರು ಬರೆದರೆ ಏಳು ಮತ್ತು ಏಳು, ಹದಿನಾಲ್ಕು. ಐದು ಜನ ಬರೆದರೆ ಏಳು, ಮೇಲೆ ನಾಲ್ಕು ಮೂರಲೆ ಹನ್ನೆರಡು. ಹತ್ತೊಂಬತ್ತಾಯಿತಲ್ಲ? ಹತ್ತರ ನೋಟು ಹರಿದರೆ ಹತ್ತೊಂಬತ್ತಾಗುವ ಅಂಗಡಿ ಎಲ್ಲಿದೆ?" ನಮ್ಮ ಸಹೋದ್ಯೋಗಿ ನಗಲಿಲ್ಲ. ಅವರ ಲೇಖನಗಳೆಲ್ಲ ಒಬ್ಬರೇ ಬರೆದವು. ಹದಿನೈದು ವರ್ಷ ಕೈಫಿಯತ್ತುಗಳನ್ನು, ಅಂದರೆ ಊರುಗಳ ಹಳೆಯ ದಾಖಲೆಗಳನ್ನು, ಓದಿ ಬರೆದವು, ಲೆಕ್ಕಕ್ಕೆ ಹತ್ತತ್ತು ಅಂಕದವು.

ಈ ಲೇಖನಗಳು ಪ್ರಕಟವಾಗುವ ಸಂಶೋಧನಾ ಪತ್ರಿಕೆಗಳ ವಿಷಯದಲ್ಲಿಯೂ ಕಾಕಾ ಹುಷಾರು. 2018ರ ಮೇ ತಿಂಗಳಲ್ಲಿ ಯುಜಿಸಿ ತಾನು ಒಪ್ಪಿದ ಪತ್ರಿಕೆಗಳ ಪಟ್ಟಿಯಿಂದ ಒಂದೇ ಸಲ 4,305 ಪತ್ರಿಕೆಗಳನ್ನು ತೆಗೆದುಹಾಕಿತ್ತು. ನಂತರ ಅದರ ಜಾಗಕ್ಕೆ ಕೇರ್ ಎಂಬ ಹೊಸ ಪಟ್ಟಿ ಬಂತು, 2025ರ ಫೆಬ್ರುವರಿಯಲ್ಲಿ ಅದನ್ನೂ ಕೈಬಿಟ್ಟರು. ಇಂದು ಇದ್ದದ್ದು ನಾಳೆ ಇರುವುದಿಲ್ಲ ಎಂದು ತಿಳಿದ ಕಾಕಾ, ಲೇಖನ ಪ್ರಕಟವಾದ ವಾರವೇ ಪಟ್ಟಿಯ ಆ ಪುಟವನ್ನು ತಾರೀಖು ಕಾಣುವಂತೆ ಮುದ್ರಿಸಿ ಇಟ್ಟುಕೊಳ್ಳಿ ಎಂದು ಕಂಡವರಿಗೆಲ್ಲ ಹೇಳುತ್ತಿದ್ದರು. ಹಣ ಪಡೆದು ಲೇಖನ ಹಾಕುವವರ ಏಜೆಂಟರು ಅವರ ಕೌಂಟರಿಗೂ ಚೀಟಿ ಕೊಟ್ಟು ಹೋಗುತ್ತಾರೆ: 'ಏಳು ದಿನದಲ್ಲಿ ಪ್ರಕಟಣೆ, ಐಎಸ್‌ಎಸ್‌ಎನ್ ಸಹಿತ.' ಐಎಸ್‌ಎಸ್‌ಎನ್ ಎನ್ನುವುದು ಬರೀ ಕ್ರಮಸಂಖ್ಯೆ, ಗುಣಮಟ್ಟದ ಮುದ್ರೆಯಲ್ಲ ಎಂದು ನಾನು ವಿವರಿಸಲು ಹೊರಟೆ. ಅವರು ಕೆಳಗೆ ಬೆರಳು ತೋರಿಸಿದರು. ಕುಂಟುವ ಕತ್ತರಿಸುವ ಯಂತ್ರದ ಒಂದು ಕಾಲಿನ ಅಡಿಯಲ್ಲಿ ಆ ಚೀಟಿಗಳ ದಪ್ಪ ಅಡಕ.

ಒಂದು ಸಲ ಮಾತಿಗೆ ಮಾತು ಬಂದು ಅಮೆರಿಕದ ಟೆನ್ಯೂರ್ ಬಗ್ಗೆ ಹೇಳಿದೆ. ನನ್ನ ಚಿಕ್ಕಪ್ಪನ ಮಗಳು ಅಲ್ಲಿ ಪಾಠ ಮಾಡುತ್ತಾಳೆ. ಅಲ್ಲಿ ಸಾಮಾನ್ಯವಾಗಿ ಆರನೆಯ ವರ್ಷಕ್ಕೆ ಫೈಲ್ ಒಪ್ಪಿಸಬೇಕು, ಬೇರೆ ವಿಶ್ವವಿದ್ಯಾಲಯಗಳ ವಿದ್ವಾಂಸರಿಗೆ ಕಳಿಸಿ ಅಭಿಪ್ರಾಯ ತರಿಸುತ್ತಾರೆ, ಪಾಸಾದರೆ ಹುದ್ದೆ ಖಾಯಂ, ಇಲ್ಲವಾದರೆ ಒಂದು ವರ್ಷದೊಳಗೆ ಗಂಟುಮೂಟೆ. ನಮ್ಮಲ್ಲಿ ಹಾಗಲ್ಲ. ಪ್ರೊಬೇಷನ್ ಮುಗಿದರೆ ಕುರ್ಚಿ ಗಟ್ಟಿ, ಆಮೇಲಿನ ಫೈಲ್ ಎಲ್ಲ ಸಂಬಳದ ಮೆಟ್ಟಿಲಿಗೆ. ಕಾಕಾ ಗಂಭೀರವಾಗಿ ಕೇಳಿಸಿಕೊಂಡು, "ಅಲ್ಲಿ ಸ್ಪೈರಲ್ಲೋ, ಹಾರ್ಡ್ ಬೈಂಡಿಂಗೋ?" ಎಂದರು. ಈಗ ಎಲ್ಲ ಕಂಪ್ಯೂಟರಿನಲ್ಲೇ ಕಳಿಸುತ್ತಾರೆ ಎಂದದ್ದಕ್ಕೆ ಅವರ ಆಸಕ್ತಿ ಇಳಿದುಹೋಯಿತು.

ಅತಿಥಿ ಉಪನ್ಯಾಸಕರೂ ಅಲ್ಲಿಗೆ ಬರುತ್ತಾರೆ. ಅವರದು ತೆಳ್ಳಗಿನ ಫೈಲ್: ಅನುಭವ ಪ್ರಮಾಣಪತ್ರ, ಅಂಕಪಟ್ಟಿ, ಮತ್ತೆ ಅನುಭವ ಪ್ರಮಾಣಪತ್ರ. ಹತ್ತು ವರ್ಷ ಪಾಠ ಮಾಡಿದವರಿಗೂ ಹತ್ತುವುದಕ್ಕೆ ಮೆಟ್ಟಿಲಿಲ್ಲ, ಪ್ರತಿ ವರ್ಷ ನೆಲದಿಂದಲೇ ಶುರು. ಅವರ ನಕಲಿಗೆ ಕಾಕಾ ಪುಟಕ್ಕೆ ಅರ್ಧ ರೂಪಾಯಿ ಹಿಡಿಯುತ್ತಾರೆ, ನಮಗೆ ಒಂದು. ಇದು ದರಪಟ್ಟಿಯಲ್ಲಿ ಬರೆದಿಲ್ಲ. ನಾನು ಕಂಡದ್ದು.

ಇನ್ನು 148ನೆಯ ಪುಟ. ಫೈಲ್ ಕಳಿಸಿ ಆರು ವಾರದ ಮೇಲೆ ಟಪಾಲಿನಲ್ಲಿ ಮರಳಿ ಬಂತು. ಆಕ್ಷೇಪಣೆ ಒಂದೇ ಸಾಲು: 'ಅನುಕ್ರಮಣಿಕೆಯಲ್ಲಿ ನಮೂದಿಸಿದ ಪುಟ 148 ಕಂಡುಬಂದಿರುವುದಿಲ್ಲ.' ತಿರುವಿ ನೋಡಿದರೆ 147, ಆಮೇಲೆ 149. ಮಧ್ಯದಲ್ಲಿ ಇರಬೇಕಾಗಿದ್ದದ್ದು ನನ್ನ ರಿಫ್ರೆಷರ್ ಕೋರ್ಸಿನ ಪ್ರಮಾಣಪತ್ರ, ಫೈಲಿನ ಜೀವ. ಮಳೆಗಾಲದ ಹಸಿ ಹಾಳೆ ಯಂತ್ರದೊಳಗೆ ಇನ್ನೊಂದಕ್ಕೆ ಅಂಟಿ ಹಾದುಹೋಗಿತ್ತು. ನಂಬರಿಂಗ್ ಮುದ್ರೆ ಹೊಡೆಯುವ ಹುಡುಗ ಎಣಿಕೆ ತಪ್ಪಿಸಲಿಲ್ಲ, ಹಾಳೆ ತಪ್ಪಿಸಿದ. ಅಲ್ಲಿಯೂ ನೋಡಬೇಕಾದವರು ಕಾಕಾ, ನೋಡಲಿಲ್ಲ. ನಾನೂ ನೋಡಲಿಲ್ಲ ಎನ್ನುವುದನ್ನು ಬರೆಯದೆ ಇರುವುದು ನ್ಯಾಯವಲ್ಲ. 312 ಪುಟದ ಮೇಲೂ 'ದೃಢೀಕರಿಸಲಾಗಿದೆ' ಎಂದು ಸಹಿ ಹಾಕಿದವಳು ನಾನೇ, 148ರ ಮೇಲೂ ಹಾಕಿದ್ದೇನೆ ಎಂದುಕೊಂಡಿದ್ದೆ.

ನಾನು ಸಿಟ್ಟಿನಿಂದಲೇ ಹೋದೆ. ಅವರು ವಾದಿಸಲಿಲ್ಲ. ಹುಡುಗನನ್ನು ಬೈಯಲೂ ಇಲ್ಲ. ತಾವೇ ಕುಳಿತು ಬ್ಲೇಡಿನಿಂದ ಹೊಲಿಗೆ ಬಿಚ್ಚಿದರು, ಹಾಳೆ ಸೇರಿಸಿದರು, ಮತ್ತೆ ಹೊಲಿದರು. ಅಂಟು ಒಣಗುವವರೆಗೆ ಎದುರಿನ ಗಾಡಿಯಿಂದ ಗಿರ್ಮಿಟ್ ಮತ್ತು ಚಹಾ ತರಿಸಿದರು. ಹಣ ತೆಗೆದುಕೊಳ್ಳಲಿಲ್ಲ. ಆದರೆ ಆರು ವಾರ ಹೋದದ್ದು ಹೋಯಿತು. ಅರ್ಹತೆಯ ದಿನದಿಂದಲೇ ಬಡ್ತಿ ಲೆಕ್ಕ ಹಿಡಿಯುತ್ತಾರೆ, ಹಾಗಾಗಿ ಕಳೆದುಕೊಂಡದ್ದೇನೂ ಇಲ್ಲ ಎಂದು ಅವರು ಸಮಾಧಾನ ಹೇಳಿದರು. ನಿಜ. ನಿದ್ದೆಯ ಬಾಕಿಯನ್ನು ಮಾತ್ರ ಯಾರೂ ಹಿಂಬಾಕಿಯಾಗಿ ಕೊಡುವುದಿಲ್ಲ. ಆ ನಕ್ಷತ್ರ ಅದಕ್ಕೆ ಹೋಯಿತು.

ಖರ್ಚಿನ ವಿವರ, ಬೇಕಾದವರಿಗೆ: 312 ಪುಟ, ನಾಲ್ಕು ಪ್ರತಿ, 1,248. ರಟ್ಟಿನ ಬೈಂಡಿಂಗ್ ಎರಡು, 500. ಸ್ಪೈರಲ್ ಎರಡು, 120. ಅನುಕ್ರಮಣಿಕೆಯ ಡಿಟಿಪಿ ಎಂಟು ಪುಟಕ್ಕೆ 240. ಟ್ಯಾಗ್ ಮತ್ತು ಬಣ್ಣದ ಪ್ರತಿಗಳು 90. ಒಟ್ಟು 2,198. ಎರಡು ರೂಪಾಯಿ ಚಿಲ್ಲರೆ ಇಲ್ಲವೆಂದು ಒಂದು ಪೆನ್ನು ಕೊಟ್ಟರು.

ಬಡ್ತಿಯ ವಿವರವನ್ನೂ ಹೇಳಿಬಿಡುತ್ತೇನೆ. ನಾನಿದ್ದ ವೇತನ ಶ್ರೇಣಿ, ಹತ್ತನೆಯ ಲೆವೆಲ್, 57,700ರಿಂದ ಶುರುವಾಗಿ ಆರು ವಾರ್ಷಿಕ ವೇತನ ಬಡ್ತಿಯ ನಂತರ 68,800ಕ್ಕೆ ಬರುತ್ತದೆ. ಹನ್ನೊಂದನೆಯ ಲೆವೆಲ್ ಶುರುವಾಗುವುದೇ 68,900ರಿಂದ. ನೂರು ರೂಪಾಯಿಯ ಅಂತರ. ಹೊಸ ಶ್ರೇಣಿಗೆ ಕೂರಿಸುವ ಮೊದಲು ಒಂದು ವಾರ್ಷಿಕ ವೇತನ ಬಡ್ತಿ ಕೂಡಿಸುವ ಪದ್ಧತಿ ಇರುವುದರಿಂದ ಮೂಲ ವೇತನ 71,000ಕ್ಕೆ ನಿಂತಿತು. ತಿಂಗಳಿಗೆ 2,200 ಹೆಚ್ಚು. ಆದೇಶದ ಪ್ರತಿ ತೋರಿಸಲು ಹೋದಾಗ ಕಾಕಾ ಕಳೆದು ನೋಡಿ, "ನನ್ನ ಬಿಲ್ಲು, ಪೆನ್ನು ಸೇರಿ ಸರಿಹೋಯಿತು" ಎಂದರು.

ಮುಂದಿನ ಮೆಟ್ಟಿಲಿಗೆ ಐದು ವರ್ಷ, ಅಂದರೆ ನನ್ನ ಸರದಿ ಮತ್ತೆ 2026ಕ್ಕೆ. ನಿಯಮಗಳು ಆಗ ಯಾವ ರೂಪದಲ್ಲಿರುತ್ತವೋ. 2025ರ ಜನವರಿಯಲ್ಲಿ ಬಂದ ಕರಡಿನಲ್ಲಿ ಅಂಕಗಳ ಲೆಕ್ಕ ಬಿಟ್ಟು ಒಂಬತ್ತು ಬಗೆಯ 'ಗಮನಾರ್ಹ ಕೊಡುಗೆ'ಗಳ ಪೈಕಿ ಕನಿಷ್ಠ ನಾಲ್ಕನ್ನು ತೋರಿಸಬೇಕು ಎಂದಿತ್ತು. ಭಾರತೀಯ ಭಾಷೆಗಳಲ್ಲಿ ಪಾಠ ಮಾಡುವುದೂ ಅವುಗಳಲ್ಲಿ ಒಂದು, ಸಮಾಜದೊಂದಿಗೆ ಕೆಲಸ ಮಾಡುವುದು ಇನ್ನೊಂದು. ಹೊಸ ಬಗೆಯ ಬೋಧನೆಗೂ ಒಂದು ಸಾಲು ಇತ್ತು. ಆ ಪಟ್ಟಿಯನ್ನು ಮೊಬೈಲಿನಲ್ಲಿ ತೋರಿಸಿದಾಗ ಕಾಕಾ ಗಾಜಿನ ಕೆಳಗಿನ ಫೋಟೋ ಕಡೆಗೊಮ್ಮೆ ನೋಡಿದರು, ಆಮೇಲೆ ಟ್ಯಾಗಿನ ಡಬ್ಬಿ ತೆರೆದು ಬಣ್ಣ ಎಣಿಸಿದರು. ಏಳೇ ಇದ್ದವು.

ಹೋಗುವವರಿಗೆ: ಅಮಾವಾಸ್ಯೆಯ ದಿನ ಬಾಗಿಲು ಹಾಕಿರುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕು ಕಾಕಾ ಊಟಕ್ಕೆ ಹೋಗಿರುತ್ತಾರೆ, ಹುಡುಗನ ಕೈಗೆ ಪ್ಲೇಸ್‌ಮೆಂಟ್ ಫೈಲ್ ಕೊಡಬೇಡಿ. ಮಳೆಗಾಲದಲ್ಲಿ ಆದಷ್ಟು ಹೋಗಬೇಡಿ, ಹೋಗಲೇಬೇಕಾದರೆ ಪುಟಗಳನ್ನು ಅಲ್ಲೇ ಕುಳಿತು ಎಣಿಸಿ. ಪೆನ್‌ಡ್ರೈವ್ ಕೇಳಿ ವಾಪಸು ಪಡೆಯಿರಿ. ನನ್ನದು ಮೂರು ವರ್ಷದಿಂದ ಅವರ ಬಿಸ್ಕತ್ತಿನ ಡಬ್ಬಿಯಲ್ಲಿ, ಬೇರೆ ನಲವತ್ತರ ಜೊತೆಗಿದೆ. ಕೆಂಪು ಬಣ್ಣದ್ದು, ದಾರ ಕಟ್ಟಿದೆ.